ಸೂಳೆಕೆರೆ ಮೇಲೆ ಹಾರಲು ಕಟ್ಟಿದ ಕಂಪ್ಯೂಟರ್

2023ರ ಆಯುಧಪೂಜೆ ರಜೆಯಲ್ಲಿ ನಮ್ಮ ಹಳೆ ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿದೆ. ಇಡೀ ಭೂಮಿಯ ಉಪಗ್ರಹ ಚಿತ್ರಗಳ ಮೇಲೆ ವಿಮಾನ ಹಾರಿಸುವ ಆಟ ಅದು. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಹೊರಟು, ಹಾವೇರಿ, ರಾಣೆಬೆನ್ನೂರು, ಹರಿಹರ ದಾಟಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತನಕ ಹೋಗಬೇಕು ಅಂತ ನನ್ನ ಆಸೆ. ಶಾಂತಿಸಾಗರ ಅಂತಲೂ ಕರೆಯುತ್ತಾರಲ್ಲ, ಅದೇ ಕೆರೆ. ಅಪ್ಪಾಜಿ ಹುಟ್ಟಿ ಬೆಳೆದದ್ದು ಅದರ ಕೆಳಗಿನ ಊರಲ್ಲಿ. ಆ ಕೆರೆಯನ್ನು ಮೇಲಿನಿಂದ ಅವರಿಗೆ ತೋರಿಸಬೇಕಿತ್ತು.

ಆವತ್ತು ಆಗಲಿಲ್ಲ. ವಿಮಾನ ನೆಲ ಬಿಡುವಷ್ಟರಲ್ಲೇ ಚಿತ್ರ ತಡೆದು ತಡೆದು ಬರತೊಡಗಿತು. ಹಾವೇರಿ ಹತ್ತಿರ ಬರುವಾಗ ಕೆಳಗಿನ ಹೊಲಗಳು ಮಸಿ ಒರೆಸಿದ ಬಟ್ಟೆ ಹಾಗೆ ಕಾಣುತ್ತಿದ್ದವು. ಅಪ್ಪಾಜಿ ಸ್ವಲ್ಪ ಹೊತ್ತು ಕುಳಿತು, "ಇನ್ನೊಂದಿನ ನೋಡೋಣ ಬಿಡು" ಅಂತ ಎದ್ದು ಹೋದರು.

ಆ ಕಂಪ್ಯೂಟರ್ ಕೊಂಡದ್ದು 2017ರಲ್ಲಿ. ಇಂಟೆಲ್ ಐ5-7400 ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್), ಅದರಲ್ಲಿ ನಾಲ್ಕು ಕೋರ್, ಅಂದರೆ ಒಟ್ಟಿಗೆ ದುಡಿಯುವ ನಾಲ್ಕು ಭಾಗ. ಪರದೆಯ ಚಿತ್ರ ಬರೆಯಲು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಅದರಲ್ಲಿ 4 ಜಿಬಿ ಮೆಮೊರಿ. ಆರು ವರ್ಷ ನಮ್ಮನ್ನು ಚೆನ್ನಾಗಿ ಸಾಕಿದೆ. ಕೊರೊನಾ ಹೊತ್ತಿನಲ್ಲಿ ತಂಗಿಯ ಕಾಲೇಜು ಪೂರ್ತಿ ನಡೆದದ್ದು ಅದರಲ್ಲೇ. ಈಗ ಅವಳು ಅನಿಮೇಷನ್ ಕಲಿಯುತ್ತಾ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮದುವೆ ಆಮಂತ್ರಣದ ವಿಡಿಯೋ ಮಾಡಿಕೊಡುತ್ತಾಳೆ. ಒಂದು ಚಿತ್ರ ರೆಂಡರ್ ಆಗಲು, ಅಂದರೆ ಅವಳು ಜೋಡಿಸಿದ ದೃಶ್ಯ ಪೂರ್ತಿ ಚಿತ್ರವಾಗಿ ಮೂಡಲು, 45 ನಿಮಿಷ ಕಾಯುತ್ತಿದ್ದಳು. ಬಿಡುವಿದ್ದಾಗ ವ್ಯಾಲರಂಟ್ ಎಂಬ ಗುಂಡು ಹಾರಿಸುವ ಆಟ ಆಡುತ್ತಾಳೆ. ನನಗೆ ವಿಮಾನ, ಮತ್ತೆ ಯಾವತ್ತಾದರೂ ಸೈಬರ್‌ಪಂಕ್ 2077. ಅಂದರೆ ಒಂದೇ ಪೆಟ್ಟಿಗೆಯಿಂದ ಇಬ್ಬರಿಗೆ ನಾಲ್ಕು ಥರದ ಕೆಲಸ ಆಗಬೇಕು.

ನಾನು ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಬ್ಬರ ಉಳಿತಾಯ ಸೇರಿಸಿದರೆ 1,15,000 ರೂಪಾಯಿ ಆಗುತ್ತಿತ್ತು. ದಸರಾ ಆಫರ್‌ನಲ್ಲಿ 27 ಇಂಚಿನ 1440ಪಿ (ಮೇಲಿಂದ ಕೆಳಗೆ 1440 ಚುಕ್ಕಿ ಸಾಲು ಇರುವ) ಮಾನಿಟರ್ ಆಗಲೇ ತಂದಿದ್ದೆವು. ಅದನ್ನು ಮೊದಲೇ ಕೊಂಡದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು. ಪ್ರೊಸೆಸರ್ ಯಾವುದು, ಕಾರ್ಡ್ ಯಾವುದು ಎಂಬ ಲೆಕ್ಕವೆಲ್ಲ ಶುರುವಾಗುವುದು ಪರದೆಯಿಂದಲೇ.

ಬರೀ ಕಾರ್ಡ್ ಬದಲಾಯಿಸಿದರೆ ಸಾಕಲ್ವಾ? ನನಗೆ ಮೊದಲು ಬಂದ ಯೋಚನೆ ಇದು. ಹೊಸ ಕಾರ್ಡ್ ತಂದು ಹಳೆ ಮದರ್‌ಬೋರ್ಡಿಗೆ (ಎಲ್ಲ ಭಾಗಗಳೂ ಕೂರುವ ಹಲಗೆ) ಹಾಕಿದರೆ 30,000ಕ್ಕೆ ಮುಗಿಯುತ್ತದೆ. ಆದರೆ ಹಳೆ ಪ್ರೊಸೆಸರ್ ಅದಕ್ಕೆ ಕೆಲಸ ಒದಗಿಸುತ್ತದೆಯೇ? ಇದನ್ನು ತಿಳಿಯಲು ಯಾರ ಚಾರ್ಟೂ ಬೇಕಿಲ್ಲ, ಯಾವ ಕ್ಯಾಲ್ಕುಲೇಟರೂ ಬೇಕಿಲ್ಲ. ಪ್ರೊಸೆಸರ್, ಕಾರ್ಡ್ ಹೆಸರು ಹಾಕಿದರೆ "ಇಷ್ಟು ಪರ್ಸೆಂಟ್ ಬಾಟಲ್‌ನೆಕ್" ಅಂತ, ಅಂದರೆ ಒಂದು ಇನ್ನೊಂದನ್ನು ಇಷ್ಟು ತಡೆಯುತ್ತದೆ ಅಂತ, ಹೇಳುವ ಲೆಕ್ಕಗಳನ್ನು ನಾನು ನಂಬುವುದಿಲ್ಲ. ಯಾವ ಆಟ, ಯಾವ ಪರದೆ ಅಂತ ಕೇಳದೆ ಒಂದು ಅಂಕಿ ಹೇಳಿದರೆ ಅದಕ್ಕೆ ಏನು ಅರ್ಥ?

ಉತ್ತರ ನಮ್ಮ ಹಳೆ ಕಂಪ್ಯೂಟರ್‌ನಲ್ಲೇ ಇರುತ್ತದೆ. ರೆಸಲ್ಯೂಷನ್ ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಎಣಿಕೆ, ಫ್ರೇಮ್ ಅಂದರೆ ಪರದೆ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರ. ಒಂದು ಆಟವನ್ನು ಮಾಮೂಲಿ ರೆಸಲ್ಯೂಷನ್‌ನಲ್ಲಿ ಓಡಿಸಿ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ನೋಡಬೇಕು. ಆಮೇಲೆ ರೆಸಲ್ಯೂಷನ್ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಬೇಕು. ಫ್ರೇಮ್ ಏರಿದರೆ ಇಷ್ಟು ಹೊತ್ತು ತಡೆದದ್ದು ಕಾರ್ಡ್. ಏರದೆ ಅಲ್ಲೇ ನಿಂತರೆ ತಡೆದದ್ದು ಪ್ರೊಸೆಸರ್.

ಯಾಕೆ ಹೀಗೆ ಅಂತ ತಂಗಿ ಕೇಳಿದಾಗ ನಾನು ಬೆಣ್ಣೆದೋಸೆ ಹೋಟೆಲಿನ ಉದಾಹರಣೆ ಕೊಟ್ಟೆ. ಪ್ರೊಸೆಸರ್ ಅಂದರೆ ಯಾವ ಟೇಬಲ್ಲಿಗೆ ಏನು ಬೇಕು ಅಂತ ಕೇಳಿ ಒಳಗೆ ಹೇಳುವವನು. ಕಾರ್ಡ್ ಅಂದರೆ ಕಲ್ಲಿನ ಮುಂದೆ ನಿಂತು ದೋಸೆ ಹುಯ್ಯುವವನು. ರೆಸಲ್ಯೂಷನ್ ಏರಿಸುವುದೆಂದರೆ ದೋಸೆಯನ್ನು ದೊಡ್ಡದು ಮಾಡಿದ ಹಾಗೆ. ಹುಯ್ಯುವವನ ಕೆಲಸ ಜಾಸ್ತಿ ಆಗುತ್ತದೆ, ಆರ್ಡರ್ ಹೇಳುವವನ ಕೆಲಸ ಅಷ್ಟೇ ಇರುತ್ತದೆ. ಆರ್ಡರ್ ನಿಧಾನವಾಗಿ ಬಂದರೆ ಎಷ್ಟು ದೊಡ್ಡ ಕಲ್ಲಿದ್ದರೂ ಖಾಲಿ ಕಾಯುತ್ತದೆ. ದೋಸೆ ಸಣ್ಣದು ಮಾಡಿದರೂ ಹೆಚ್ಚು ಹೊರಗೆ ಬರುವುದಿಲ್ಲ.

ಒಂದು ಭಾನುವಾರ ಪೂರ್ತಿ ಇಬ್ಬರೂ ಕುಳಿತು ಇದನ್ನು ಮಾಡಿದೆವು. ವ್ಯಾಲರಂಟ್‌ನಲ್ಲಿ 1080ರಿಂದ 720ಕ್ಕೆ ಇಳಿಸಿದರೂ ಫ್ರೇಮ್ ಕದಲಲಿಲ್ಲ. ತಡೆದದ್ದು ಪ್ರೊಸೆಸರ್. ಸೈಬರ್‌ಪಂಕ್‌ನಲ್ಲಿ ಇಳಿಸಿದ ಕೂಡಲೇ ಏರಿತು. ಅಲ್ಲಿ ತಡೆದದ್ದು ಕಾರ್ಡ್. ವಿಮಾನದ ಆಟದಲ್ಲಿ ಇದಕ್ಕಿಂತ ಸುಲಭ. ಡೆವಲಪರ್ ಮೋಡ್ ಆನ್ ಮಾಡಿದರೆ ಅದೇ ಬಾಯಿಬಿಟ್ಟು ಹೇಳುತ್ತದೆ. 1080ರಲ್ಲಿ "ಲಿಮಿಟೆಡ್ ಬೈ ಜಿಪಿಯು" ಅಂತಿತ್ತು, ಅಂದರೆ ತಡೆದದ್ದು ಕಾರ್ಡ್. ಎಲ್ಲವನ್ನೂ ಇಳಿಸಿ 720ಕ್ಕೆ ತಂದಾಗ "ಲಿಮಿಟೆಡ್ ಬೈ ಮೇನ್‌ಥ್ರೆಡ್" ಅಂತ ಬಂತು, ಅಂದರೆ ತಡೆದದ್ದು ಪ್ರೊಸೆಸರ್‌ನ ಒಂದು ಕೋರ್ ಹೊತ್ತ ಆಟದ ಮುಖ್ಯ ಕೆಲಸ. ಆಗಲೂ ಫ್ರೇಮ್ ಇದ್ದದ್ದು ಇಪ್ಪತ್ತರ ಆಸುಪಾಸು.

ಆ ಎರಡನೆಯ ಸಾಲು ಓದಿದ ಮೇಲೆ ಬರೀ ಕಾರ್ಡ್ ಕೊಳ್ಳುವ ಯೋಚನೆ ಕೈಬಿಟ್ಟೆ. ಎಷ್ಟೇ ದೊಡ್ಡ ಕಾರ್ಡ್ ತಂದರೂ ಆ ಪ್ರೊಸೆಸರ್ ಮೇಲೆ ನನಗೆ ಸಿಗುತ್ತಿದ್ದದ್ದು ಅದೇ ಇಪ್ಪತ್ತು ಫ್ರೇಮ್. ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 60, 70 ಪರ್ಸೆಂಟ್ ಅಂತ ತೋರಿಸಿದರೆ "ಇನ್ನೂ ಜಾಗ ಇದೆ" ಅಂದುಕೊಳ್ಳಬಾರದು. ಅದು ನಾಲ್ಕೂ ಕೋರ್‌ಗಳ ಸರಾಸರಿ. ಆಟದ ಮುಖ್ಯ ಕೆಲಸ ಹೊತ್ತ ಒಂದು ಕೋರ್ ಪೂರ್ತಿ ದಣಿದಿರಬಹುದು, ಉಳಿದ ಮೂರು ಸುಮ್ನೆ ಇರಬಹುದು.

ಹಳೆ ಬೋರ್ಡಿಗೆ ಬೇರೆ ಪ್ರೊಸೆಸರ್ ಹಾಕುವ ದಾರಿಯೂ ಇರಲಿಲ್ಲ. ಅದು ಬಿ250 ಮಾದರಿಯ ಬೋರ್ಡ್. ಇಂಟೆಲ್‌ನ ಆರನೆಯ ಮತ್ತು ಏಳನೆಯ ತಲೆಮಾರಿನ ಪ್ರೊಸೆಸರ್ ಬಿಟ್ಟು ಮುಂದಿನದು ಕೂರುವುದಿಲ್ಲ. ವಿಂಡೋಸ್ 11 ಕೂಡ ಏಳನೆಯ ತಲೆಮಾರಿನ ಈ ಪ್ರೊಸೆಸರನ್ನು ಒಪ್ಪುವುದಿಲ್ಲ.

ಇದೇ ಕಾರಣಕ್ಕೆ ಹೊಸ ಬೋರ್ಡ್ ಎಷ್ಟು ವರ್ಷ ಬಾಳುತ್ತದೆ ಎಂಬುದು ನನಗೆ ದೊಡ್ಡ ಪ್ರಶ್ನೆ ಆಯಿತು. ನಮ್ಮ ಆಫೀಸಿನ ಗೆಳೆಯ 2018ರಲ್ಲಿ ಬಿ450 ಬೋರ್ಡು, ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್ ಹಾಕಿ ಕಟ್ಟಿದ್ದ. ಐದು ವರ್ಷ ಆದ ಮೇಲೆ ಅದೇ ಬೋರ್ಡಿನ ಬಯಾಸ್ (ಕಂಪ್ಯೂಟರ್ ಎಬ್ಬಿಸುವ, ಬೋರ್ಡಿನ ಸ್ವಂತ ತಂತ್ರಾಂಶ) ಅಪ್‌ಡೇಟ್ ಮಾಡಿ ರೈಜನ್ 7 5800ಎಕ್ಸ್3ಡಿ ಕೂರಿಸಿದ. ರ‍್ಯಾಮ್ ಅದೇ, ಕ್ಯಾಬಿನೆಟ್ ಅದೇ. ಆಟಗಳ ಮಟ್ಟಿಗೆ ಅದು ಹೊಸ ಕಂಪ್ಯೂಟರೇ ಆಗಿಬಿಟ್ಟಿತು. ಎಎಂಡಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಅಷ್ಟು ವರ್ಷ ಬಾಳಿತ್ತು. ಅದರ ನಂತರದ ಎಎಂ5 ಬಂದದ್ದು 2022ರಲ್ಲಿ. ನಾನು ಕೊಳ್ಳುವ ಹೊತ್ತಿಗೆ ಅದಕ್ಕೆ ಇನ್ನೂ ಹೆಚ್ಚು ವಯಸ್ಸಾಗಿರಲಿಲ್ಲ.

ಇಂಟೆಲ್ ಕಡೆ ಐ5-13400ಎಫ್ ಇತ್ತು. ಒಳ್ಳೆಯ ಪ್ರೊಸೆಸರ್, ಹಳೆ ತಲೆಮಾರಿನ, ಅಗ್ಗದ ಡಿಡಿಆರ್4 ರ‍್ಯಾಮ್ ಜೊತೆಗೂ ಓಡುತ್ತದೆ. ನಾಲ್ಕೈದು ಸಾವಿರ ಉಳಿಯುತ್ತಿತ್ತು. ಆದರೆ ಅದರ ಸಾಕೆಟ್‌ಗೆ ಹದಿನಾಲ್ಕನೆಯ ತಲೆಮಾರು ಕೊನೆಯದು. ಬಿ250 ಕಲಿಸಿದ್ದನ್ನು ಮರೆಯಲು ನನಗೆ ಮನಸ್ಸಿರಲಿಲ್ಲ. ಹೆಸರಿನ ಕೊನೆಯ 'ಎಫ್' ಬಗ್ಗೆಯೂ ಒಂದು ಮಾತು. ಆ ಅಕ್ಷರ ಇದ್ದರೆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದರೆ ಮಾನಿಟರ್‌ನಲ್ಲಿ ಏನೂ ಕಾಣುವುದಿಲ್ಲ. ಸರ್ವಿಸ್ ಸೆಂಟರ್‌ಗೆ ಬೆಂಗಳೂರಿಗೇ ಹೋಗಬೇಕಾದ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ರೈಜನ್ 5 7600ರಲ್ಲಿ ಪುಟ್ಟದಾದರೂ ಗ್ರಾಫಿಕ್ಸ್ ಒಳಗೇ ಇದೆ.

ಎಎಂ5 ಅಂತ ನಿರ್ಧಾರ ಆಯಿತು. ನಿಜವಾದ ಜಗ್ಗಾಟ ಶುರುವಾದದ್ದು ಅಲ್ಲಿಂದ.

ಪ್ರೊಸೆಸರ್‌ಗೂ ಕಾರ್ಡಿಗೂ ಸೇರಿ ಸುಮಾರು 70,000 ಎತ್ತಿಟ್ಟಿದ್ದೆವು. ಆ ದುಡ್ಡಿಗೆ ಎರಡು ಜೋಡಿ ಸಿಗುತ್ತಿತ್ತು. ಒಂದು, ರೈಜನ್ 7 7800ಎಕ್ಸ್3ಡಿ ಮತ್ತು ಆರ್‌ಟಿಎಕ್ಸ್ 4060. ನಾನು ವಿಚಾರಿಸಿದ ದರದಲ್ಲಿ 66,000 ಚಿಲ್ಲರೆ. ಇನ್ನೊಂದು, ರೈಜನ್ 5 7600 ಮತ್ತು ಆರ್‌ಟಿಎಕ್ಸ್ 4070. ಅದು 71,500. ಮೊದಲನೆಯದು ನನ್ನ ಆಸೆ. ಎರಡನೆಯದು ತಂಗಿಯದು.

ನನ್ನ ಆಸೆಗೆ ಕಾರಣ ಇತ್ತು. 7800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ. 7600ರಲ್ಲಿ 32 ಎಂಬಿ. ಕ್ಯಾಶ್ ಅಂದರೆ ಪ್ರೊಸೆಸರ್‌ನ ಕೈಯಳತೆಯಲ್ಲೇ ಇರುವ ಡಬ್ಬಿಗಳು. ರ‍್ಯಾಮ್ ಅಂದರೆ ಉಗ್ರಾಣ. ಬೇಕಾದ್ದು ಡಬ್ಬಿಯಲ್ಲೇ ಸಿಕ್ಕರೆ ಎದ್ದು ಹೋಗುವ ಕೆಲಸ ಇಲ್ಲ. ವಿಮಾನದ ಆಟ ಕ್ಷಣಕ್ಷಣವೂ ಏನೇನೋ ಹುಡುಕುತ್ತಿರುತ್ತದೆ, ಮೋಡ, ಗಾಳಿ, ಕಟ್ಟಡ, ಬೇರೆ ವಿಮಾನ. ಅದಕ್ಕೆ ಈ ದೊಡ್ಡ ಕ್ಯಾಶ್‌ನಿಂದ ಆಗುವ ಲಾಭ ತುಂಬಾ ದೊಡ್ಡದು.

ತಂಗಿಯ ವಾದವೂ ಗಟ್ಟಿಯಾಗಿತ್ತು. "ಅಣ್ಣ, ನಂಗೆ ರೆಂಡರ್ ಮಾಡೋದು ಕಾರ್ಡು. 4070ಯಲ್ಲಿ 12 ಜಿಬಿ ಮೆಮೊರಿ, 4060ಯಲ್ಲಿ ಇರೋದು 8 ಜಿಬಿ. ನನ್ನ ಸೀನ್ ಅದರಲ್ಲಿ ಕೂರತ್ತಾ?" ಅಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರ್ಡಿನ ಮೆಮೊರಿ ವಿಷಯವನ್ನು ಹಲವರು ಹಗುರಾಗಿ ತೆಗೆದುಕೊಳ್ಳುತ್ತಾರೆ. ವೇಗ ಕಡಿಮೆ ಇದ್ದರೆ ಸೆಟ್ಟಿಂಗ್ ಇಳಿಸಿ ಆಡಬಹುದು. ಮೆಮೊರಿ ಸಾಲದಿದ್ದರೆ ಆಗುವುದೇ ಬೇರೆ. ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣುತ್ತದೆ, ನಡುನಡುವೆ ಆಟ ಗಕ್ಕನೆ ನಿಲ್ಲುತ್ತದೆ. ಗೋಡೆ, ಬಟ್ಟೆ, ಮುಖಗಳ ಟೆಕ್ಸ್‌ಚರ್ (ಮೇಲ್ಮೈಗೆ ಅಂಟಿಸಿದ ಚಿತ್ರ) ಮಸುಕಾಗುತ್ತದೆ. 2023ರಲ್ಲಿ ಬಂದ ಒಂದೆರಡು ದೊಡ್ಡ ಆಟಗಳಲ್ಲಿ 8 ಜಿಬಿ ಕಾರ್ಡುಗಳು ಹೀಗೆ ತಡವರಿಸಿದ್ದನ್ನು ಎಲ್ಲರೂ ನೋಡಿದ್ದಾರೆ. 2021ರಲ್ಲೇ ಬಂದ ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿ ಇತ್ತು. ಅದರ ಮುಂದಿನ 4060ಯಲ್ಲಿ 8 ಜಿಬಿಗೆ ಇಳಿಸಿದ್ದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. 4060 ವೇಗದ ಕಾರ್ಡೇ, ಬರೀ 115 ವ್ಯಾಟ್‌ನಲ್ಲಿ ಓಡುತ್ತದೆ. 1080ಪಿ ಪರದೆಯಲ್ಲಿ ಆಡುವವರು ಆಗ ಕಣ್ಣು ಮುಚ್ಚಿ ತಗೊಳ್ಳಬಹುದಿತ್ತು. ನಮ್ಮ ಪರದೆ 1440ಪಿ.

ನಿರ್ಧಾರ ಆಗದೆಯೇ ಬೆಂಗಳೂರಿಗೆ ಹೊರಟೆವು. 2024ರ ಜನವರಿ 26 ಶುಕ್ರವಾರ ರಜೆ. ಆವತ್ತು ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ತಿಂಡಿ ತಿಂದು, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಎಸ್‌ಪಿ ರಸ್ತೆಗೆ ನಡೆದೆವು. ತಂಗಿ ತನ್ನ ಬ್ಲೆಂಡರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಇಡೀ ದಿನದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಎಸ್‌ಪಿ ರಸ್ತೆ ನನಗೆ ಇಷ್ಟ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು. ವೈರು, ಎಲ್‌ಇಡಿ, ರೆಸಿಸ್ಟರ್‌ನಿಂದ ಹಿಡಿದು ಲಕ್ಷದ ಕಾರ್ಡಿನ ತನಕ ಎಲ್ಲವೂ ಅಲ್ಲಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಏನು ಬೇಕು ಅಂತ ಗಟ್ಟಿ ಮಾಡಿಕೊಳ್ಳದೆ ಹೋದರೆ ಅವರು ಕೊಟ್ಟದ್ದನ್ನು ತರಬೇಕಾಗುತ್ತದೆ. ಮೊದಲ ಅಂಗಡಿಯಲ್ಲಿ ನಾನು ಬಾಯಿ ಬಿಡುವ ಮುಂಚೆಯೇ ಒಂದು ಕಾಂಬೋ ದರ ಬರೆದುಕೊಟ್ಟರು. ಪ್ರೊಸೆಸರ್ ದೊಡ್ಡದು, ಕಾರ್ಡ್ ಸಣ್ಣದು, ಪವರ್ ಸಪ್ಲೈ ಯಾವ ಕಂಪನಿಯದು ಅಂತ ಬರೆದೇ ಇರಲಿಲ್ಲ. ಇನ್ನೊಂದರಲ್ಲಿ ಕಾರ್ಡಿನ ಡಬ್ಬದ ಸೀಲ್ ಒಡೆದಿತ್ತು. "ಡೆಮೋಗೆ ತೆಗೆದಿದ್ವಿ ಸರ್" ಅಂದರು. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತೂ ಬಂತು. ಬಿಲ್ ಇಲ್ಲದಿದ್ದರೆ ಮೂರು ವರ್ಷದ ವಾರಂಟಿಯನ್ನು ಯಾರ ಮುಂದೆ ಕೇಳುವುದು? 18 ಪರ್ಸೆಂಟ್ ಜಿಎಸ್‌ಟಿ ಕೈಗೆ ಹೊರೆಯೇ. ಆದರೂ ಕಾರ್ಡಿನಂಥ ವಸ್ತುವನ್ನು ಬಿಲ್ ಇಲ್ಲದೆ ತರುವುದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ.

ಒಂದು ಕಡೆ ಹಳೆ ಆರ್‌ಟಿಎಕ್ಸ್ 3070 ತೋರಿಸಿದರು. ದರ ತುಂಬಾ ಕಡಿಮೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ ಕಾರ್ಡುಗಳಿಂದ ಅದನ್ನು ಮೈನಿಂಗ್ ಮಾಡುವುದು, ಅಂದರೆ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು, ನಿಂತುಹೋಯಿತು. ಹಗಲೂ ರಾತ್ರಿ ದುಡಿದ ರಾಶಿ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಹತ್ತಿರದಲ್ಲೇ ಇದ್ದು, ಕೆಟ್ಟರೆ ಹೋಗಿ ಕೇಳುವ ಹಾಗಿದ್ದರೆ ಅಂಥದ್ದನ್ನು ಕೊಳ್ಳುವ ಧೈರ್ಯ ಮಾಡಬಹುದು. 260 ಕಿಲೋಮೀಟರ್ ದೂರದವರು ನಾವು. ಬಿಟ್ಟು ಮುಂದೆ ನಡೆದೆವು.

ಐದನೆಯದೋ ಆರನೆಯದೋ ಅಂಗಡಿ. ಒಳಗೆ ನರೆಗೂದಲಿನ ಒಬ್ಬರು ಕುಳಿತಿದ್ದರು. ಅವರು ಬಜೆಟ್ ಕೇಳಲಿಲ್ಲ. "ಮಾನಿಟರ್ ಯಾವುದಮ್ಮ ನಿಮ್ಮದು?" ಅಂತ ತಂಗಿಯನ್ನು ಕೇಳಿದರು. ಆಮೇಲೆ ಏನು ಕೆಲಸ, ಯಾವ ಆಟ ಅಂತ ಕೇಳಿದರು. ಆವತ್ತು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅವರ ಅಂಗಡಿಯಲ್ಲಿ 4060 ಹಾಕಿದ ಒಂದು ಮೆಷಿನ್ ಓಡುತ್ತಿತ್ತು. ತಂಗಿ ಪೆನ್‌ಡ್ರೈವ್ ತೆಗೆದಳು. "ಸರ್, ಒಂದೇ ಒಂದು ಫೈಲ್ ಓಡಿಸಿ ನೋಡ್ಲಾ?"

ಅವರು ಕುರ್ಚಿ ಬಿಟ್ಟುಕೊಟ್ಟರು. ಬ್ಲೆಂಡರ್ ಇಳಿಸಿಕೊಳ್ಳಲು ಹತ್ತು ನಿಮಿಷ ಹಿಡಿಯಿತು. ಅವಳ ಸೀನ್ ಒಂದು ಮದುವೆ ಮಂಟಪ. ಸಾವಿರಾರು ಹೂವಿನ ಎಸಳು, ದೀಪ, ರೇಷ್ಮೆಯ ಮಿನುಗು. ರೆಂಡರ್ ಒತ್ತಿದಳು. ಮೆಮೊರಿಯ ಅಂಕಿ 5, 6, 7 ಅಂತ ಏರಿತು. 8ರ ಹತ್ತಿರ ಹೋಗಿ, ಮೆಮೊರಿ ಸಾಲದು ಎಂಬ ಸಂದೇಶ ಬಂದು ರೆಂಡರ್ ನಿಂತಿತು. ಟೆಕ್ಸ್‌ಚರ್ ಅರ್ಧಕ್ಕೆ ಇಳಿಸಿದಾಗ ಓಡಿತು, ಅದೂ ಬಹಳ ವೇಗವಾಗಿಯೇ ಓಡಿತು. ಆದರೆ ರೇಷ್ಮೆ ರೇಷ್ಮೆಯ ಹಾಗಿರಲಿಲ್ಲ.

ತಂಗಿ ನನ್ನ ಕಡೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ವಿಮಾನದ ಆಟಕ್ಕೆ ಸೆಕೆಂಡಿಗೆ 40 ಫ್ರೇಮ್ ನಿಲ್ಲದೆ ಬಂದರೆ ಸಾಕು. ಅದು ಓಡಿ ಗುಂಡು ಹಾರಿಸುವ ಆಟ ಅಲ್ಲ. 7600 ಅಷ್ಟನ್ನು ಕೊಡುತ್ತದೆ. ಮೆಮೊರಿ ಹಾಗಲ್ಲ, ಸಾಲದಿದ್ದರೆ ಅವಳ ಕೆಲಸವೇ ನಿಲ್ಲುತ್ತದೆ. ಜೊತೆಗೆ ಎಎಂ5 ಬೋರ್ಡಿನ ಪ್ರೊಸೆಸರನ್ನು ಮುಂದೊಂದು ದಿನ ಬದಲಾಯಿಸಬಹುದು.

ಅಂಗಡಿಯವರು ಇನ್ನೊಂದು ಕಾರ್ಡನ್ನೂ ನೆನಪಿಸಿದರು. ಎಎಂಡಿಯ ಆರ್‌ಎಕ್ಸ್ 7800 ಎಕ್ಸ್‌ಟಿ. ದರ ಹೆಚ್ಚು ಕಡಿಮೆ 4070ಯದ್ದೇ, ಮೆಮೊರಿ ಮಾತ್ರ 16 ಜಿಬಿ. ಬರೀ ಆಟ ಆಡುವವನಾಗಿದ್ದರೆ ನಾನು ಅದನ್ನೇ ತರುತ್ತಿದ್ದೆ, ಈಗಲೂ ಅದೇ ಮಾತು ಹೇಳುತ್ತೇನೆ. ಬ್ಲೆಂಡರ್‌ನ ಸೈಕಲ್ಸ್ ರೆಂಡರ್ ಮಾತ್ರ ಆರ್‌ಟಿಎಕ್ಸ್ ಕಾರ್ಡುಗಳ ಕಂಪನಿ ಎನ್‌ವಿಡಿಯಾದ ಆಪ್ಟಿಕ್ಸ್ (ರೆಂಡರ್ ಬೇಗ ಮಾಡುವ ತಂತ್ರ) ಮೇಲೆ ಓಡುವಷ್ಟು ವೇಗವಾಗಿ ಎಎಂಡಿ ಕಾರ್ಡಿನ ಮೇಲೆ ಓಡುವುದಿಲ್ಲ. ಕರೆಂಟಿನ ಲೆಕ್ಕವೂ ಇತ್ತು. 7800 ಎಕ್ಸ್‌ಟಿಗೆ 263 ವ್ಯಾಟ್, 4070ಗೆ 200. ನಮ್ಮೂರಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಹೋದಾಗ ಯುಪಿಎಸ್ ಹೊರಬೇಕು.

4070 ಸೂಪರ್ ಬಂದು ಆಗ ಹತ್ತೇ ದಿನ ಆಗಿತ್ತು. ಅದರಿಂದ ಹಳೆ 4070ಯ ದರ ಇಳಿದಿತ್ತು. ಸೂಪರ್‌ಗೆ ಇನ್ನೂ ಏಳೆಂಟು ಸಾವಿರ ಬೇಕಿತ್ತು. ಅಷ್ಟು ದುಡ್ಡಿಗೆ ಒಳ್ಳೆ ಪವರ್ ಸಪ್ಲೈ ಬರುತ್ತದೆ ಅಂತ ಅಲ್ಲಿಗೇ ನಿಲ್ಲಿಸಿದೆವು. 52,000ಕ್ಕೆ ಕಾರ್ಡ್, 19,500ಕ್ಕೆ ಪ್ರೊಸೆಸರ್, ಬಿ650 ಬೋರ್ಡ್ 14,000, 6000 ವೇಗದ 32 ಜಿಬಿ ಡಿಡಿಆರ್5 ರ‍್ಯಾಮ್ 10,000, 1 ಟಿಬಿ ಎಸ್‌ಎಸ್‌ಡಿ, 650 ವ್ಯಾಟ್‌ನ ಗೋಲ್ಡ್ ಪವರ್ ಸಪ್ಲೈ. ಕ್ಯಾಬಿನೆಟ್ ಹಳೆಯದೇ ಇರಲಿ ಅಂತ ಮೊದಲು ಅಂದುಕೊಂಡಿದ್ದೆ. ಅಮ್ಮನ ಹೊಲಿಗೆ ಟೇಪು ಹಿಡಿದು ಅಳೆದಾಗ ಹಾರ್ಡ್‌ಡಿಸ್ಕ್ ಗೂಡು ಅಡ್ಡ ಬರುತ್ತದೆ ಅಂತ ಊರಲ್ಲೇ ಗೊತ್ತಾಗಿತ್ತು. ಮುಂದೆ ಜಾಲರಿ ಇರುವ ಹೊಸದನ್ನೇ ತಂದೆವು. ಎಲ್ಲಾ ಸೇರಿ 1,14,000. ಎಲ್ಲದಕ್ಕೂ ಬಿಲ್ ಇತ್ತು.

ಭಾನುವಾರ ನೆಲದ ಮೇಲೆ ಚಾಪೆ ಹಾಸಿ ಕಟ್ಟಲು ಕುಳಿತೆವು. ಜೋಡಿಸುವುದು ಅಷ್ಟು ಕಷ್ಟ ಅಲ್ಲ. ಎಎಂ5ನಲ್ಲಿ ಪಿನ್ನುಗಳು ಪ್ರೊಸೆಸರ್‌ನಲ್ಲಿ ಇರುವುದಿಲ್ಲ, ಬೋರ್ಡಿನ ಸಾಕೆಟ್‌ನಲ್ಲಿ ಇರುತ್ತವೆ. ಅಲ್ಲಿ ಬೆರಳು ತಾಗದಂತೆ ನೋಡಿಕೊಂಡರೆ ಉಳಿದದ್ದು ತಾನಾಗಿ ಕೂರುತ್ತದೆ. ಮೂರು ಗಂಟೆಯಲ್ಲಿ ಮುಗಿಯಿತು.

ಬಟನ್ ಒತ್ತಿದೆ. ಫ್ಯಾನುಗಳು ತಿರುಗಿದವು. ಪರದೆ ಕಪ್ಪಗೇ ಇತ್ತು. ಬೋರ್ಡಿನ ಮೇಲೆ ಡಿ-ರ‍್ಯಾಮ್ ಅಂತ ಬರೆದ ಪುಟ್ಟ ದೀಪ ಉರಿಯುತ್ತಿತ್ತು. ಒಂದು ನಿಮಿಷ ಕಾದು ಆಫ್ ಮಾಡಿದೆ. ರ‍್ಯಾಮ್ ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ. ಕೈಯೆಲ್ಲ ಬೆವೆತಿತ್ತು. ಎರಡು ವರ್ಷದ ಉಳಿತಾಯ ಅದು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನಾಯ್ತು ಅಂತ ಕೇಳಲಿಲ್ಲ, ಚಹಾ ಇಟ್ಟು ಹೋದರು.

ತಂಗಿ ಬೋರ್ಡಿನ ಜೊತೆ ಬಂದ ಪುಸ್ತಕ ಓದುತ್ತಿದ್ದಳು. "ಅಣ್ಣ, ಈ ಸಲ ಮುಟ್ಬೇಡ. ಸುಮ್ನೆ ಬಿಡು" ಅಂದಳು. ಡಿಡಿಆರ್5 ರ‍್ಯಾಮ್ ಹಾಕಿದ ಎಎಂ5 ಬೋರ್ಡು ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಮೆಮೊರಿ ಟ್ರೈನಿಂಗ್ ಅಂತ ಅದಕ್ಕೆ ಹೆಸರು. ಕೆಲವು ನಿಮಿಷವೇ ಹಿಡಿಯಬಹುದು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ನಾನು ಎರಡು ಸಲ ಅದನ್ನೇ ಮಾಡಿದ್ದೆ. ಮೂರನೆಯ ಸಲ ಗಡಿಯಾರ ನೋಡುತ್ತಾ ಕುಳಿತೆವು. ಚಹಾ ಮುಗಿದಿತ್ತು. ದೀಪ ಆರಿತು. ಪರದೆ ಬೆಳಗಿತು. ಹೊಸದಾಗಿ ಎಎಂ5 ಕಟ್ಟುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ, ಹತ್ತು ನಿಮಿಷ ಕಾಯಿರಿ.

ವಿಂಡೋಸ್ ಹಾಕಿದ ಮೇಲೆ ಇನ್ನೂ ಎರಡು ಕೆಲಸ ಇರುತ್ತವೆ. ರ‍್ಯಾಮಿಗೆ ದುಡ್ಡು ಕೊಟ್ಟದ್ದು 6000 ವೇಗಕ್ಕೆ. ನಮ್ಮದು ಓಡುತ್ತಿದ್ದದ್ದು 4800ರಲ್ಲಿ. ಬಯಾಸ್‌ನಲ್ಲಿ ಎಕ್ಸ್‌ಪೋ ಅಂತ ಇರುವುದನ್ನು ಆನ್ ಮಾಡಿದರೆ ಮಾತ್ರ ಪೂರ್ತಿ ವೇಗ ಸಿಗುತ್ತದೆ. ಮಾನಿಟರ್ ಕೂಡ 165 ಹರ್ಟ್ಜ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವುದು) ಇದ್ದರೂ ವಿಂಡೋಸ್‌ನಲ್ಲಿ 60ಕ್ಕೇ ಕುಳಿತಿತ್ತು. ಅದನ್ನು ನಾವೇ ಬದಲಾಯಿಸಬೇಕು.

ತಂಗಿಯ ಮಂಟಪ ಪೂರ್ತಿ ಟೆಕ್ಸ್‌ಚರ್ ಜೊತೆ 12 ಜಿಬಿಯಲ್ಲಿ ಕುಳಿತಿತು. ಮುಂಚೆ 45 ನಿಮಿಷ ಹಿಡಿಯುತ್ತಿದ್ದ ಚಿತ್ರ 2 ನಿಮಿಷದ ಒಳಗೆ ಬಂತು. ಅವಳು ಅದನ್ನು ಐದು ಸಲ ರೆಂಡರ್ ಮಾಡಿದಳು. ಸೈಬರ್‌ಪಂಕ್ 1440ರಲ್ಲಿ ನುಣ್ಣಗೆ ಓಡಿತು.

ವಿಮಾನದ ಆಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದೆ. "ಲಿಮಿಟೆಡ್ ಬೈ ಮೇನ್‌ಥ್ರೆಡ್." ನಿರೀಕ್ಷಿಸಿದ್ದೇ. ಆದರೆ ಈಗ ಅದು ಹೇಳುತ್ತಿದ್ದದ್ದು 45 ಫ್ರೇಮಿನಲ್ಲಿ. 4070 ಸೇರಿದ 40ರ ಸರಣಿಯ ಕಾರ್ಡುಗಳಲ್ಲಿ ಫ್ರೇಮ್ ಜನರೇಷನ್ ಇದೆ. ಎರಡು ಫ್ರೇಮುಗಳ ನಡುವೆ ಕಾರ್ಡೇ ಒಂದನ್ನು ಬರೆದು ಸೇರಿಸುತ್ತದೆ. ಪ್ರೊಸೆಸರನ್ನು ಕೇಳುವುದೇ ಇಲ್ಲ. ಹಾಗಾಗಿ ಪ್ರೊಸೆಸರ್ ತಡೆಯುವ ಇಂಥ ಆಟಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಕಣ್ಣಿಗೆ ಎಂಬತ್ತರ ಹತ್ತಿರ ಕಾಣುತ್ತದೆ. ಕೈಗೆ ಸಿಗುವ ಸ್ಪಂದನೆ ಮಾತ್ರ 45ರದ್ದೇ. ಗುಂಡು ಹಾರಿಸುವ ಆಟಕ್ಕೆ ಇದನ್ನು ನಂಬಬೇಡಿ. ನಾನು ಹಾರಿಸುವ ಪುಟ್ಟ ವಿಮಾನ ಸೆಸ್ನಾ 152ಕ್ಕೆ ತೊಂದರೆ ಇಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಸೆಖೆ ಶುರುವಾಯಿತು. ಪ್ರೊಸೆಸರ್ ಜೊತೆ ಬಂದ ಪುಟ್ಟ ಕೂಲರ್ ಜೋರಾಗಿ ಕೂಗತೊಡಗಿತು, ಶಾಖ 90 ಡಿಗ್ರಿ ಮುಟ್ಟುತ್ತಿತ್ತು. 95ರ ತನಕ ಅದಕ್ಕೆ ಅಪಾಯ ಇಲ್ಲ ಅಂತ ಗೊತ್ತಿದ್ದರೂ ಏಪ್ರಿಲ್ ಇನ್ನೂ ಬಂದಿರಲಿಲ್ಲ. 2,000 ರೂಪಾಯಿಗೆ ಎತ್ತರದ ಏರ್ ಕೂಲರ್ ತರಿಸಿ ಹಾಕಿದೆ. ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಯುಪಿಎಸ್ ಕೂಡ ಬದಲಾಯಿಸಬೇಕಾಯಿತು. ಹಳೆಯದು 600 ವಿಎ, ಅಂದರೆ 360 ವ್ಯಾಟ್. ಆಟ ಆಡುವಾಗ ಕರೆಂಟ್ ಹೋದರೆ ಕೀ ಅಂತ ಕೂಗಿ ಎಲ್ಲವನ್ನೂ ಆರಿಸಿಬಿಡುತ್ತಿತ್ತು. 1100 ವಿಎ ತಂದ ಮೇಲೆ ಸರಿಯಾಯಿತು. ಬಜೆಟ್ ಬರೆಯುವಾಗ ಈ ಎರಡನ್ನೂ ಮೊದಲೇ ಸೇರಿಸಿಕೊಳ್ಳಬೇಕಿತ್ತು. ಸುಮಾರು 8,000 ಮೇಲೆ ಬಿತ್ತು.

ಆಮೇಲೆ ಅದೇ ಸಾಕೆಟ್‌ಗೆ ಕೂರುವ 9800ಎಕ್ಸ್3ಡಿ ಕೂಡ ಬಂತು, 2024ರ ನವೆಂಬರ್‌ನಲ್ಲಿ. ದರ ಇಳಿದ ದಿನ ನಮ್ಮ ಬೋರ್ಡಿಗೂ ಅಂಥದ್ದೊಂದು ಬರುತ್ತದೆ. ಅವಸರ ಇಲ್ಲ.

2024ರ ಯುಗಾದಿ ದಿನ ಸಂಜೆ ಅಪ್ಪಾಜಿಯನ್ನು ಕರೆದೆ. ಹೋಳಿಗೆ ಊಟ ಮಾಡಿ ಮಲಗಿ ಎದ್ದಿದ್ದರು. ಸ್ಟೂಲ್ ಎಳೆದುಕೊಂಡು ಕುಳಿತರು. ಹುಬ್ಬಳ್ಳಿಯಿಂದ ವಿಮಾನ ಎತ್ತಿದೆ. ಹಾವೇರಿ ಹೋಯಿತು. ರಾಣೆಬೆನ್ನೂರು ದಾಟಿ ತುಂಗಭದ್ರೆ ಕಂಡಿತು. "ಹರಿಹರ" ಅಂದರು, ನಾನು ಹೇಳುವ ಮೊದಲೇ. ಅಲ್ಲಿಂದ ದಕ್ಷಿಣಕ್ಕೆ ತಿರುಗಿಸಿದೆ. ಮುಕ್ಕಾಲು ಗಂಟೆ ಮೇಲಾಗಿತ್ತು, ಅವರು ಎದ್ದಿರಲಿಲ್ಲ. ಚಿತ್ರ ಒಮ್ಮೆಯೂ ತಡೆದಿರಲಿಲ್ಲ.

ಗುಡ್ಡಗಳ ನಡುವೆ ಕೆರೆ ಕಾಣಿಸಿತು. ಸಂಜೆ ಬಿಸಿಲಿಗೆ ನೀರು ಹೊಳೆಯುತ್ತಿತ್ತು. ಆ ವರ್ಷ ಬರ. ಊರ ಕಡೆ ಅಡಿಕೆ ತೋಟಕ್ಕೆ ಟ್ಯಾಂಕರ್‌ನಲ್ಲಿ ನೀರು ತರಿಸಿ ಹಾಕುತ್ತಿದ್ದರು, ಚಿಕ್ಕಪ್ಪ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದರು. ಅಪ್ಪಾಜಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿದರು.

"ಇದ್ರಾಗೆ ಕೆರೆ ತುಂಬೈತಲ್ಲೋ" ಅಂದರು. ಏರಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು. ಅದರ ಕೆಳಗೆ ತಮ್ಮ ಊರು ಹುಡುಕಿದರು. ಮನೆಗಳು ಗುರುತು ಸಿಗಲಿಲ್ಲ, ತೋಟದ ಹಸಿರು ಸಿಕ್ಕಿತು.

"ಇನ್ನೊಂದು ಸುತ್ತು ಹಾಕಪ್ಪ. ಸ್ವಲ್ಪ ಕೆಳಗೆ ಬಾ."

ಎಡಕ್ಕೆ ವಾಲಿಸಿ ಕೆಳಗಿಳಿದೆ.